ಕಿಡಿಯ ಕಥೆ: ಹಳೆಯ ಕಾರಿನ ಪಾಯಿಂಟೂ ಎಲೆಕ್ಟ್ರಾನಿಕ್ ಯುಗವೂ

ಈ ದೃಶ್ಯ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮದುವೆಗೆ ಹೊರಟ ಅಂಬಾಸಿಡರ್ ಕಾರು ದಾರಿಯ ಮಧ್ಯದಲ್ಲಿ ಎರಡು ಸಲ ಜಗ್ಗಿ, ಮೂರನೆಯ ಸಲ ನಿಂತೇಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಹಿರಿಯರು ಮುಹೂರ್ತದ ಚಿಂತೆಯಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಡ್ರೈವರು ಮಾತ್ರ ಗಾಬರಿಯಾಗುತ್ತಿರಲಿಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿದ್ದ ಕಪ್ಪು ಮುಚ್ಚಳದ ಎರಡು ಕ್ಲಿಪ್ಪುಗಳನ್ನು ಬಿಡಿಸಿ, ಒಳಗಿದ್ದ ಪುಟ್ಟ ಲೋಹದ ಬಿಲ್ಲೆಗಳ ನಡುವೆ ಉಪ್ಪುಕಾಗದದ ಚೂರೊಂದನ್ನು ತೂರಿಸಿ ಉಜ್ಜುತ್ತಿದ್ದರು. ಉಪ್ಪುಕಾಗದ ಇಲ್ಲದಿದ್ದರೆ ಬೆಂಕಿಪೊಟ್ಟಣದ ಪಕ್ಕೆಯೇ ಸಾಕಾಗುತ್ತಿತ್ತು. ಐದು ನಿಮಿಷದಲ್ಲಿ ಕಾರು ಮತ್ತೆ ಹೊರಡುತ್ತಿತ್ತು. ‘ಏನಾಗಿತ್ತಪ್ಪಾ?’ ಎಂದು ಕೇಳಿದರೆ, ‘ಏನಿಲ್ಲ ಸಾರ್, ಪಾಯಿಂಟು’ ಎಂಬ ಒಂದೇ ಮಾತಿನ ಉತ್ತರ.

ಆ ‘ಪಾಯಿಂಟು’ ಈಗಿನ ಕಾರುಗಳಲ್ಲಿ ಇಲ್ಲ. ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದವರು ಕೂಡ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾರೆ: ಪಾಯಿಂಟ್ ತೆಗೆದುಹಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕೇ, ಬೇಡವೇ? ಮೇಲ್ನೋಟಕ್ಕೆ ಇದು ಗ್ಯಾರೇಜಿನಲ್ಲಿ ತೀರ್ಮಾನವಾಗಬೇಕಾದ ಸಣ್ಣ ವಿಷಯ. ಆದರೆ ಇದರ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಯಂತ್ರವನ್ನು ರಿಪೇರಿ ಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ದೊಡ್ಡ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಬನ್ನಿ, ಮೊದಲಿನಿಂದ ನೋಡೋಣ.

ಕಿಡಿ ಹುಟ್ಟುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಕಿಡಿ ತಾಗಬೇಕು. ಕಾರಿನ ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟ್. ಒತ್ತಡದಲ್ಲಿರುವ ಗಾಳಿಯನ್ನು ಭೇದಿಸಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಈ ಹೆಚ್ಚಳವನ್ನು ಸಾಧಿಸುವುದು ಇಗ್ನಿಷನ್ ಕಾಯಿಲ್. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಕಾಂತಕ್ಷೇತ್ರ ಉಂಟಾಗುತ್ತದೆ. ಆ ವಿದ್ಯುತ್ತನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿದು, ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮವೇ ಇದಕ್ಕೆ ಆಧಾರ.

ಇಲ್ಲಿ ಮುಖ್ಯವಾದ ಮಾತು ‘ಥಟ್ಟನೆ ಕಡಿಯುವುದು’. ಆ ಕೆಲಸ ಮಾಡುವುದೇ ಪಾಯಿಂಟ್. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ಕಂಬಿಗೆ ನಾಲ್ಕು ಉಬ್ಬುಗಳಿರುತ್ತವೆ. ಪ್ರತಿ ಉಬ್ಬೂ ಬಂದು ಪಾಯಿಂಟಿನ ಫೈಬರ್ ಹಿಮ್ಮಡಿಯನ್ನು ತಳ್ಳಿದಾಗ, ಕೂಡಿಕೊಂಡಿದ್ದ ಎರಡು ಬಿಲ್ಲೆಗಳು ಬೇರೆಯಾಗುತ್ತವೆ. ಅದೇ ಕ್ಷಣ ಪ್ಲಗ್ಗಿನಲ್ಲಿ ಕಿಡಿ. ಬಿಲ್ಲೆಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಪಕ್ಕದಲ್ಲೊಂದು ಕಂಡೆನ್ಸರ್ ಕಾವಲಿರುತ್ತದೆ. ಲೆಕ್ಕ ಹಾಕಿ ನೋಡಿ: ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಾಯಿಂಟ್ ನಿಮಿಷಕ್ಕೆ 6,000 ಸಲ, ಅಂದರೆ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಹಿಮ್ಮಡಿ ಸವೆಯದೆ, ಬಿಲ್ಲೆ ಕರಕಲಾಗದೆ ಇರಲು ಸಾಧ್ಯವೇ?

ಕೆಟರಿಂಗ್ ಅವರ ಕೊಟ್ಟಿಗೆ

ಈ ಏರ್ಪಾಡು ಒಂದೇ ದಿನದಲ್ಲಿ ರೂಪುಗೊಂಡದ್ದಲ್ಲ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾರ್ ತಯಾರಿಸಿದ ಗ್ಯಾಸ್ ಎಂಜಿನ್ನಿನಲ್ಲೇ ವಿದ್ಯುತ್ ಕಿಡಿಯ ಬಳಕೆಯಿತ್ತು. ಜರ್ಮನಿಯಲ್ಲಿ ಗಾಟ್‌ಲೀಬ್ ಡೈಮ್ಲರ್ ಕೆಂಪಗೆ ಕಾಯಿಸಿದ ಕೊಳವೆಯಿಂದ ಮಿಶ್ರಣಕ್ಕೆ ಬೆಂಕಿ ತಾಗಿಸುವ ದಾರಿ ಹಿಡಿದರೆ, ಕಾರ್ಲ್ ಬೆಂಜ್ ವಿದ್ಯುತ್ತಿನ ದಾರಿ ಹಿಡಿದರು. 1888ರಲ್ಲಿ ಬೆಂಜ್ ಅವರ ಪತ್ನಿ ಬೆರ್ಥಾ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ್, ಮೂರು ಚಕ್ರದ ಮೋಟಾರು ಗಾಡಿಯನ್ನು ಓಡಿಸಿಕೊಂಡು ಹೋದರು. ದಾರಿಯಲ್ಲಿ ಉಜ್ಜಿಹೋದ ಇಗ್ನಿಷನ್ ತಂತಿಗೆ ಅವರು ತಮ್ಮ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಪ್ರಯಾಣ ಮುಂದುವರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಕಾರಿನ ಮೊದಲ ದೂರಪ್ರಯಾಣದಲ್ಲೇ ದಾರಿಬದಿಯ ರಿಪೇರಿಯೂ ಸೇರಿಕೊಂಡಿತ್ತು ಎಂಬುದನ್ನು ಗಮನಿಸಿ.

ಬ್ಯಾಟರಿಯೇ ಬೇಡವೆನ್ನುವ ಮ್ಯಾಗ್ನೆಟೊ ಪದ್ಧತಿಯನ್ನು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಅವರ ಕಾರ್ಯಾಗಾರ ಬೆಳೆಸಿತು. 1902ರಲ್ಲಿ ಅಲ್ಲಿನ ಎಂಜಿನಿಯರ್ ಗಾಟ್‌ಲೋಬ್ ಹೊನೊಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು. ಮ್ಯಾಗ್ನೆಟೊ ನಂಬಿಕೆಗೆ ಅರ್ಹವಾಗಿತ್ತು, ಆದರೆ ದುಬಾರಿ. ನಿಧಾನವಾಗಿ ತಿರುಗಿದಾಗ ಅದರ ಕಿಡಿಯೂ ಸೊರಗುತ್ತಿತ್ತು.

ನಾವು ಇಂದಿಗೂ ‘ಪಾಯಿಂಟ್’ ಎಂದು ಕರೆಯುವ ಪದ್ಧತಿಯ ಹಿಂದಿರುವ ಹೆಸರು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದು. ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ ಅವರು ಅಂಗಡಿಗಳ ಹಣ ಎಣಿಸುವ ಕ್ಯಾಷ್ ರಿಜಿಸ್ಟರ್ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದರು. ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಕೆಲಸದ ವೇಳೆ ಮುಗಿದ ಮೇಲೆ, ಕೆಲವು ಗೆಳೆಯರನ್ನು ಕಟ್ಟಿಕೊಂಡು ಕಾರಿನ ಇಗ್ನಿಷನ್ ಬಗ್ಗೆ ಪ್ರಯೋಗ ನಡೆಸಿದರು. ಅಂದಿನ ಎಷ್ಟೋ ಕಾರುಗಳಲ್ಲಿ ‘ಝುಂಯ್’ ಎಂದು ನಡುಗುತ್ತ ಕಿಡಿಗಳ ಸುರಿಮಳೆ ಸುರಿಸುವ ಕಾಯಿಲ್ ಇರುತ್ತಿತ್ತು. ಅದು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತಿತ್ತು. ಬೇಕಾದ ಕ್ಷಣದಲ್ಲಿ ಒಂದೇ ಒಂದು ಬಲವಾದ ಕಿಡಿ ಸಾಕು ಎಂಬುದು ಕೆಟರಿಂಗ್ ಅವರ ಯೋಚನೆ. 1909ರಲ್ಲಿ ಡೆಲ್ಕೊ ಎಂಬ ಕಂಪನಿ ಹುಟ್ಟಿತು. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲೆಂಡ್ ತಮ್ಮ 1910ರ ಕಾರುಗಳಿಗಾಗಿ ಸಾವಿರಾರು ಇಗ್ನಿಷನ್ ಸೆಟ್ಟುಗಳಿಗೆ ಆರ್ಡರ್ ಕೊಟ್ಟರು. 1912ರ ಕ್ಯಾಡಿಲಾಕಿನಲ್ಲಿ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಕೂಡ ಬಂತು. ಹೀಗೆ ಕಾರಿನಲ್ಲಿ ಬ್ಯಾಟರಿಗೆ ಶಾಶ್ವತ ಸ್ಥಾನ ದೊರೆತ ಮೇಲೆ ಮ್ಯಾಗ್ನೆಟೊದ ಅಗತ್ಯ ಕಡಿಮೆಯಾಯಿತು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೋಕದ ಬಹುಪಾಲು ಕಾರುಗಳು ಪಾಯಿಂಟಿನ ಮೇಲೆಯೇ ಓಡಿದವು.

ಕಾನೂನು ತಂದ ಬದಲಾವಣೆ

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಚಲಿಸುವ ಭಾಗವೇ ಇಲ್ಲದ ಸ್ವಿಚ್ ಅದು. ಅದನ್ನು ಪಾಯಿಂಟಿನ ಬದಲಿಗೆ ಏಕೆ ಬಳಸಬಾರದು ಎಂಬ ಪ್ರಶ್ನೆ ಎಂಜಿನಿಯರುಗಳಿಗೆ ಬೇಗನೆ ಹೊಳೆಯಿತು. 1960ರ ದಶಕದಲ್ಲಿ ಪಂದ್ಯದ ಕಾರುಗಳಲ್ಲಿ, ಕೆಲವು ದುಬಾರಿ ಕಾರುಗಳಲ್ಲಿ ಟ್ರಾನ್ಸಿಸ್ಟರ್ ಇಗ್ನಿಷನ್ ಕಾಣಿಸಿಕೊಂಡಿತು. ಆದರೂ ಸಾಮಾನ್ಯ ಕಾರುಗಳ ತಯಾರಕರು ಹಿಂಜರಿದರು. ಪಾಯಿಂಟ್ ಅಗ್ಗ, ಸವೆದರೆ ಗಿರಾಕಿಯೇ ಹೊಸದು ಕೊಳ್ಳುತ್ತಾನೆ. ಅಂದ ಮೇಲೆ ಬದಲಾಯಿಸುವ ಅವಸರ ಯಾರಿಗಿತ್ತು?

ಅವಸರವನ್ನು ಉಂಟುಮಾಡಿದ್ದು ಕಾನೂನು. 1970ರಲ್ಲಿ ಅಮೆರಿಕ ತನ್ನ ಶುದ್ಧ ವಾಯು ಕಾಯಿದೆಯನ್ನು ಬಿಗಿಗೊಳಿಸಿತು. ಹೊಸ ಕಾರಿನ ಹೊಗೆ ಶೋರೂಮಿನಿಂದ ಹೊರಬರುವಾಗ ಶುದ್ಧವಾಗಿದ್ದರೆ ಸಾಲದು; ಐದು ವರ್ಷ ಅಥವಾ 50,000 ಮೈಲಿಗಳವರೆಗೂ ಅದು ಮಿತಿಯೊಳಗೇ ಇರಬೇಕು ಎಂಬ ಕಟ್ಟುಪಾಡು ಬಂತು. ಪಾಯಿಂಟಿಗೆ ಇದು ಅಸಾಧ್ಯದ ಮಾತು. ಫೈಬರ್ ಹಿಮ್ಮಡಿ ಸವೆದಂತೆ ಬಿಲ್ಲೆಗಳ ನಡುವಿನ ಅಂತರ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಕಿಡಿ ತಪ್ಪಿದಾಗಲೆಲ್ಲ ಸುಡದ ಪೆಟ್ರೋಲು ಹೊಗೆಕೊಳವೆ ಸೇರುತ್ತದೆ. 1975ರ ಮಾದರಿಗಳಲ್ಲಿ ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದ ಮೇಲಂತೂ, ಹಾಗೆ ಬಂದ ಪೆಟ್ರೋಲು ಅದರೊಳಗೇ ಉರಿದು ಅದನ್ನು ಹಾಳುಮಾಡುವ ಅಪಾಯ ಎದುರಾಯಿತು. ಕ್ರೈಸ್ಲರ್ ಕಂಪನಿ 1973ರ ಮಾದರಿಯಿಂದ ಅಮೆರಿಕದ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿತು. ಜನರಲ್ ಮೋಟಾರ್ಸ್ 1975ರಲ್ಲಿ ಅದೇ ಹಾದಿ ಹಿಡಿಯಿತು. ಪಾಯಿಂಟಿನ ಯುಗ ಮುಗಿದದ್ದಕ್ಕೆ ವೇಗದ ಹಂಬಲಕ್ಕಿಂತ ಶುದ್ಧ ಗಾಳಿಯ ಅಗತ್ಯವೇ ದೊಡ್ಡ ಕಾರಣ ಎಂಬುದನ್ನು ನಾವು ಮರೆಯಬಾರದು.

ಒಂದೇ ಮನೆತನದ ಎರಡು ಕಾರು

ಈಗ ನಮ್ಮ ಅಂಬಾಸಿಡರಿಗೆ ಮರಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯ ಆಧಾರದ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಈ ಕಾರನ್ನು ತಯಾರಿಸಿತು. 1950ರ ದಶಕದ ಕೊನೆಯಲ್ಲಿ ಆರಂಭವಾದ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ದೀರ್ಘಕಾಲ ಅದರಲ್ಲಿದ್ದುದು 1489 ಸಿ.ಸಿ.ಯ ‘ಬಿ ಸರಣಿ’ ಎಂಜಿನ್. ಇಂಗ್ಲೆಂಡಿನ ಎಂ.ಜಿ. ಕಂಪನಿಯ ಪ್ರಸಿದ್ಧ ಕ್ರೀಡಾ ಕಾರು ಎಂ.ಜಿ.ಎ. 1955ರಲ್ಲಿ ಬಂದಾಗ ಅದರಲ್ಲಿದ್ದುದೂ ಇದೇ ಅಳತೆಯ, ಇದೇ ಮನೆತನದ ಎಂಜಿನ್. ಅದರ ತರುವಾಯ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ.ಯಲ್ಲಿ ಇದೇ ಎಂಜಿನ್ನಿನ ದೊಡ್ಡ ರೂಪವಿತ್ತು. ನಮ್ಮೂರಿನ ಟ್ಯಾಕ್ಸಿಗೂ ಅಲ್ಲಿನ ಸಿರಿವಂತರ ಹುಡುಗರ ಸ್ಪೋರ್ಟ್ಸ್ ಕಾರಿಗೂ ಹೀಗೊಂದು ದಾಯಾದಿತನ!

ಈ ಎಂ.ಜಿ.ಬಿ.ಯ ಕಥೆಯಲ್ಲಿ ಒಂದು ಪಾಠವಿದೆ. ಅಮೆರಿಕಕ್ಕೆ ಹೋಗುವ ಎಂ.ಜಿ.ಬಿ.ಗಳಿಗೆ 1970ರ ದಶಕದ ಮಧ್ಯದಲ್ಲಿ ಲೂಕಸ್ ಕಂಪನಿಯ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಅಳವಡಿಸಲಾಯಿತು. ಅದರ ಎಲೆಕ್ಟ್ರಾನಿಕ್ ಭಾಗಗಳು ಎಂಜಿನ್ನಿನ ಬಿಸಿಯಲ್ಲೇ ಇರುತ್ತಿದ್ದವು. ಕೈಕೊಡುವುದರಲ್ಲಿ ಅದು ಹೆಸರುವಾಸಿಯಾಯಿತು. ಎಷ್ಟೋ ಒಡೆಯರು ಅದನ್ನು ಕಿತ್ತುಹಾಕಿ, ಹಳೆಯ ಪಾಯಿಂಟಿನ ಡಿಸ್ಟ್ರಿಬ್ಯೂಟರನ್ನೇ ಹುಡುಕಿ ತಂದು ಹಾಕಿಸಿಕೊಂಡರು. ಹೊಸದೆಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ. ಅದು ಪಕ್ವವಾಗಲು ಕಾಲ ಬೇಕು.

ನಮ್ಮ ನಾಡಿಗೂ ಈ ಕಿಡಿಯ ಕಥೆಗೂ ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯಿಂದ ಬಂದ ಸ್ಪಾರ್ಕ್ ಪ್ಲಗ್ಗುಗಳನ್ನು ದೇಶದ ಮೆಕ್ಯಾನಿಕ್ಕುಗಳೆಲ್ಲ ಬಲ್ಲರು. 2008ರಲ್ಲಿ ಆ ಕಂಪನಿ ತನ್ನ ಮೂಲ ಸಂಸ್ಥೆಯ ಬಾಷ್ ಹೆಸರನ್ನೇ ಪಡೆಯಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲು ಪಾಯಿಂಟಿನವೇ. ಅವುಗಳ ಅಭಿಮಾನಿಗಳೂ ಇಂದು ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾರೆ.

ಬದಲಾಯಿಸುವುದೆಂದರೆ ಏನು?

ಈಗ ಸಿಗುವ ಬದಲಿ ಕಿಟ್ಟುಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ತೆರೆಯ ಮೇಲಾಗಿದ್ದರೆ ಬಿಚ್ಚಿ ತೋರಿಸಬಹುದಿತ್ತು. ಇಲ್ಲಿ ಮಾತಿನಲ್ಲೇ ಹೇಳುತ್ತೇನೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟನ್ನೂ ಕಂಡೆನ್ಸರನ್ನೂ ತೆಗೆಯುತ್ತಾರೆ. ನಡುವಿನ ಕಂಬಿಯ ಉಬ್ಬುಗಳ ಮೇಲೆ ನಾಲ್ಕು ಪುಟ್ಟ ಆಯಸ್ಕಾಂತಗಳಿರುವ ಉಂಗುರವನ್ನು ತೊಡಿಸುತ್ತಾರೆ. ಪಾಯಿಂಟ್ ಇದ್ದ ಜಾಗದಲ್ಲಿ ಒಂದು ಮಾಡ್ಯೂಲ್ ಕೂರುತ್ತದೆ. ಅದರ ಎರಡು ತಂತಿಗಳು ಕಾಯಿಲಿನ ಎರಡು ತುದಿಗಳಿಗೆ ಹೋಗುತ್ತವೆ. ಆಯಸ್ಕಾಂತ ಎದುರು ಹಾದುಹೋದಾಗ ಮಾಡ್ಯೂಲು ಅದನ್ನು ಗುರುತಿಸಿ ವಿದ್ಯುತ್ತನ್ನು ಕಡಿಯುತ್ತದೆ. ಮುಚ್ಚಳ ಹಾಕಿದರೆ ಹೊರಗಿನಿಂದ ವ್ಯತ್ಯಾಸವೇ ಕಾಣುವುದಿಲ್ಲ.

ಈ ಗುರುತಿಸುವಿಕೆಯ ಹಿಂದಿನ ತತ್ತ್ವ ಕೆಟರಿಂಗ್ ಅವರಿಗಿಂತ ಹಳೆಯದು! 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಡ್ವಿನ್ ಹಾಲ್, ವಿದ್ಯುತ್ತು ಹರಿಯುತ್ತಿದ್ದ ತೆಳುವಾದ ಚಿನ್ನದ ರೇಕನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅದರ ಅಡ್ಡಲಾಗಿ ಒಂದು ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಕಂಡುಹಿಡಿದರು. ಆ ‘ಹಾಲ್ ಪರಿಣಾಮ’ ಅಗ್ಗದ ಬಿಡಿಭಾಗವಾಗಿ ಗ್ಯಾರೇಜಿಗೆ ಬರಲು ಸುಮಾರು ನೂರು ವರ್ಷ ಬೇಕಾಯಿತು.

ಹಾಗಾದರೆ ಲಾಭವೇನು? ಬಿಲ್ಲೆಗಳ ಅಂತರ ನೋಡಿ ಹೊಂದಿಸುವ ಕೆಲಸ ತಪ್ಪುತ್ತದೆ. ಟೈಮಿಂಗ್ ಒಮ್ಮೆ ಸರಿಪಡಿಸಿದರೆ ಬಹುಕಾಲ ಜಾರುವುದಿಲ್ಲ. ಬೆಳಗಿನ ಚಳಿಯಲ್ಲಿ ಕಾರು ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಡಿಸ್ಟ್ರಿಬ್ಯೂಟರಿನ ಕಂಬಿ ತುಸು ಅಲುಗಾಡುತ್ತಿದ್ದರೂ ಕಿಡಿ ಪಾಯಿಂಟಿನಷ್ಟು ಹೊಯ್ದಾಡುವುದಿಲ್ಲ. ಇನ್ನೊಂದು ಕಾರಣವೂ ಉಂಟು: ಹಳೆಯ ಕಾರುಗಳಿಗೆ ಈಗ ದೊರೆಯುವ ಹೊಸ ಪಾಯಿಂಟ್, ಕಂಡೆನ್ಸರುಗಳ ಗುಣಮಟ್ಟ ಒಂದೇ ಸಮನಾಗಿಲ್ಲ.

ಆದರೆ ಇದರಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಎಂಜಿನ್ನಿನ ಶಕ್ತಿಯೇನೂ ಹೆಚ್ಚುವುದಿಲ್ಲ. ಸರಿಯಾಗಿ ಹೊಂದಿಸಿದ ಪಾಯಿಂಟ್ ಕೊಡುತ್ತಿದ್ದ ಶಕ್ತಿಯೇ ಸಿಗುತ್ತದೆ, ಆದರೆ ನಿತ್ಯವೂ ಸಿಗುತ್ತದೆ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತಗೊಳಿಸುವ ಪುಟ್ಟ ತೂಕಗಳು, ಸ್ಪ್ರಿಂಗುಗಳು, ವ್ಯಾಕ್ಯೂಮ್ ಡಬ್ಬಿ ಇವೆಲ್ಲ ಹಳೆಯವೇ ಉಳಿಯುತ್ತವೆ. ಅವು ತುಕ್ಕು ಹಿಡಿದಿದ್ದರೆ ಹೊಸ ಮಾಡ್ಯೂಲು ಏನೂ ಮಾಡಲಾರದು. ಮಲೆನಾಡಿನ ಮಳೆಯಲ್ಲಿ ಮುಚ್ಚಳದೊಳಗೆ ತೇವ ಸೇರಿ ಕಾರು ನಿಂತರೆ, ಎಲೆಕ್ಟ್ರಾನಿಕ್ ಆದರೂ ನಿಲ್ಲುತ್ತದೆ. ಒಣಬಟ್ಟೆಯೇ ಅದಕ್ಕೆ ಮದ್ದು.

ಎಚ್ಚರಿಕೆಯ ಮಾತುಗಳೂ ಇವೆ. ಎಷ್ಟೋ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಿರುತ್ತಾರೆ. ಅದನ್ನು ಗಮನಿಸದೆ ಋಣ ತುದಿಯ ಕಾರಿಗೆಂದು ಮಾಡಿದ ಕಿಟ್ಟನ್ನು ಹಾಕಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಎಂಜಿನ್ ನಿಲ್ಲಿಸಿ ಬೀಗದ ಕೈಯನ್ನು ‘ಆನ್’ ಸ್ಥಿತಿಯಲ್ಲೇ ಬಿಟ್ಟರೆ ಕಾಯಿಲೂ ಮಾಡ್ಯೂಲೂ ಕಾದು ಹಾಳಾಗಬಹುದು. ಕಾಯಿಲಿನ ರೋಧ ಕಿಟ್ಟಿಗೆ ಒಪ್ಪುವಂಥದೇ ಎಂದು ಮೊದಲೇ ನೋಡಿಕೊಳ್ಳಬೇಕು. ಟೈಮಿಂಗನ್ನು ಮತ್ತೆ ಹೊಂದಿಸದೆ ಕಾರನ್ನು ರಸ್ತೆಗೆ ಇಳಿಸಬಾರದು.

ಕೈಯ ವಿದ್ಯೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಪಾಯಿಂಟ್ ಸಾಯುವ ಮುನ್ನ ಸೂಚನೆ ಕೊಡುತ್ತದೆ: ಸ್ಟಾರ್ಟ್ ಆಗಲು ತಡ ಮಾಡುತ್ತದೆ, ಏರಿನಲ್ಲಿ ಜಗ್ಗುತ್ತದೆ, ಸೈಲೆನ್ಸರಿನಲ್ಲಿ ಢಬ್ ಎನ್ನುತ್ತದೆ. ಕಿವಿಯಿದ್ದವರು ಅರ್ಥಮಾಡಿಕೊಳ್ಳುತ್ತಿದ್ದರು. ಲೂಕಸ್ ಡಿಸ್ಟ್ರಿಬ್ಯೂಟರಿನಲ್ಲಿ ಬಿಲ್ಲೆಗಳ ಅಂತರ ಒಂದು ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲದ ಡ್ರೈವರು ದಪ್ಪ ಕಾಗದದ ಕಾರ್ಡು ತೂರಿಸಿ ಆ ಅಂತರವನ್ನು ಅಂದಾಜು ಮಾಡುತ್ತಿದ್ದರು. ಕಿಡಿ ಯಾವಾಗ ಬರುತ್ತದೆಂದು ತಿಳಿಯಲು ಒಂದು ಸಣ್ಣ ಬಲ್ಬು, ಎರಡು ಮೊಳ ವೈರು ಸಾಕಾಗುತ್ತಿತ್ತು. ಈ ವಿದ್ಯೆಯನ್ನು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದುಕೊಡುತ್ತಿದ್ದ ಹುಡುಗನಿಂದ ಹಿಡಿದು ಮೇಸ್ತ್ರಿಯವರೆಗೆ ಕೈಯಿಂದ ಕೈಗೆ ಅದು ಹರಿದುಬಂದಿತ್ತು.

ಮಾಡ್ಯೂಲು ಸಾಮಾನ್ಯವಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ನಿಜ. ಆದರೆ ಕೆಟ್ಟ ದಿನ ಸೂಚನೆಯಿಲ್ಲದೆ ಕೆಡುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ, ಇಳಿಸಂಜೆಯಲ್ಲಿ, ಅದನ್ನು ಉಜ್ಜಿ ಸರಿಪಡಿಸಲು ಯಾರಿಂದಲೂ ಆಗದು. ಬೇರೊಂದು ಮಾಡ್ಯೂಲೇ ಬೇಕು. ಯಂತ್ರ ಹೆಚ್ಚು ನಂಬಿಕೆಗೆ ಅರ್ಹವಾದಷ್ಟೂ ಅದರ ಒಡೆಯ ಅದರ ಮುಂದೆ ಹೆಚ್ಚು ಅಸಹಾಯಕನಾಗುತ್ತ ಹೋಗುವುದು ಕಾರಿನಲ್ಲಿ ಮಾತ್ರವಲ್ಲ. ರೇಡಿಯೊ, ಗಡಿಯಾರ, ಹೊಲಿಗೆ ಯಂತ್ರಗಳ ಕಥೆಯೂ ಇದೇ.

ಹಾಗೆಂದು ಹಳೆಯದನ್ನೇ ಅಪ್ಪಿಕೊಂಡು ಕುಳಿತಿರಿ ಎಂದು ನಾನು ಹೇಳುತ್ತಿಲ್ಲ. ಭಾರತದಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ ಹೊಗೆಗೆ ಮಿತಿ ಬಂದಿದೆ. ಸರಿಯಾಗಿ ಉರಿಯುವ ಎಂಜಿನ್ ಎಲ್ಲರ ಉಸಿರಿಗೂ ಒಳ್ಳೆಯದು. ಜೊತೆಗೆ, 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗಾಗಿ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ವಾಹನವನ್ನು ಮೂಲ ರೂಪದಲ್ಲೇ ಉಳಿಸಿಕೊಂಡಿರಬೇಕು ಎಂಬುದು ಅದರ ಆಶಯ. ಈ ಎರಡೂ ಆಶಯಗಳನ್ನು ಒಟ್ಟಿಗೆ ಪಾಲಿಸಲು ಇಗ್ನಿಷನ್ ವಿಷಯದಲ್ಲಿ ಒಂದು ಸುಲಭದ ದಾರಿಯಿದೆ. ಡಿಸ್ಟ್ರಿಬ್ಯೂಟರನ್ನು ಕೊರೆಯದೆ, ಕತ್ತರಿಸದೆ, ಬೇಕೆಂದಾಗ ಹಿಂದಿನ ಸ್ಥಿತಿಗೆ ತರಬಹುದಾದ ಕಿಟ್ಟನ್ನೇ ಆರಿಸಿ. ತೆಗೆದ ಪಾಯಿಂಟನ್ನೂ ಕಂಡೆನ್ಸರನ್ನೂ ಗುಜರಿಗೆ ಹಾಕಬೇಡಿ. ಒಂದು ತಗಡಿನ ಡಬ್ಬಿಯಲ್ಲಿ ಅವನ್ನಿಟ್ಟು, ಜೊತೆಗೆ ಒಂದು ಸ್ಕ್ರೂಡ್ರೈವರ್, ಫೀಲರ್ ಗೇಜ್, ಉಪ್ಪುಕಾಗದದ ಚೂರು ಸೇರಿಸಿ ಡಿಕ್ಕಿಯಲ್ಲಿಡಿ.

ಡಬ್ಬಿ ಇಟ್ಟರೆ ಮಾತ್ರ ಸಾಲದು. ಒಂದು ಭಾನುವಾರ ಬೆಳಿಗ್ಗೆ ಮನೆಯ ಮಕ್ಕಳನ್ನು ಕರೆದು, ಬಾನೆಟ್ ಎತ್ತಿ, ಆ ಪಾಯಿಂಟನ್ನು ಮತ್ತೆ ಹಾಕಿ ಕಾರನ್ನು ಸ್ಟಾರ್ಟ್ ಮಾಡಿ ತೋರಿಸಿ. ನಿಮಗೇ ಬಾರದಿದ್ದರೆ ನಿಮ್ಮೂರಿನ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿ, ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರಿಂದ ಕಲಿತುಕೊಳ್ಳಿ. ಡಬ್ಬಿಯ ಸಾಮಾನು ತುಕ್ಕು ಹಿಡಿದರೆ ಬೇರೆ ತರಬಹುದು. ಅದನ್ನು ಬಳಸಬಲ್ಲ ಕೈಗಳು ಇಲ್ಲವಾದರೆ ಎಲ್ಲಿಂದ ತರುವುದು?